ಮೂರನೇ ಸೂಜಿ, ಜೊತೆಗೊಂದು ಕಲ್ಲು

ನನ್ನ ಹಳೇ ರವಿಕೆಗಳೆಲ್ಲ ಎಡಹೆಗಲಿನ ಮೇಲೆ ಒಂದೇ ಜಾಗದಲ್ಲಿ ಸವೆದಿವೆ. ಲಸಿಕೆ ಡಬ್ಬದ ಪಟ್ಟಿ ಕೂರುತ್ತಿದ್ದ ಜಾಗ ಅದು. ಮಂಡಿನೋವು ಜಾಸ್ತಿಯಾಗಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಹಾಸನದ ಮನೆಯಲ್ಲಿ ಕೂತ ಮೇಲೆ, ಒಂದು ದಿನ ಬೀರು ಚೊಕ್ಕಟ ಮಾಡುವಾಗ ಅದು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಅಕ್ಕನ ಮಗಳು ಕೂತು ಬಟ್ಟೆ ಮಡಿಸುತ್ತಿದ್ದಳು. ಅವಳೂ ಈಗ ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ್ದಾಳೆ. "ಚಿಕ್ಕಮ್ಮ, ಟ್ರೈನಿಂಗ್‌ನಲ್ಲಿ ಎಲ್ಲ ಹೇಳಿಕೊಟ್ಟರು. ಜನ ಬಾಗಿಲು ಹಾಕ್ಕೊಂಡರೆ ಏನು ಮಾಡಬೇಕು ಅಂತ ಮಾತ್ರ ಹೇಳಿಕೊಡಲಿಲ್ಲ" ಅಂದಳು. ಅವಳಿಗೆ ಬಾಯಲ್ಲಿ ಹೇಳಿದ್ದನ್ನೇ, ಅವಳಂಥ ಬೇರೆ ಹುಡುಗಿಯರಿಗೂ ಸಿಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಅರಕಲಗೂಡು ತಾಲ್ಲೂಕಿನಲ್ಲಿ. ಆಗ ಇನ್ನೂ ಗಾಜಿನ ಸಿರಿಂಜು. ಬೆಳಿಗ್ಗೆ ಎದ್ದು ಸೀಮೆಎಣ್ಣೆ ಸ್ಟೌ ಹಚ್ಚಿ ಮೊದಲು ಸಿರಿಂಜು ಕುದಿಯಲು ಇಡಬೇಕು, ಆಮೇಲೆ ನಮ್ಮ ಕಾಫಿ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಊರೆಲ್ಲ ಘಾಟು. ಮಗು ಅಳುವ ಮೊದಲು ನಾನು ಕೆಮ್ಮುತ್ತಿದ್ದೆ. ಹೊಸಬರಾದ ನಾವೆಲ್ಲ, ತಾಯಂದಿರು ಒಪ್ಪಲಿ ಅಂತ, "ಏನೂ ಆಗಲ್ಲ ಕಣಮ್ಮ, ಇರುವೆ ಕಚ್ಚಿದಂಗೆ" ಅನ್ನುತ್ತಿದ್ದೆವು. ಸಂಜೆಗೆ ಮಗುವಿಗೆ ಜ್ವರ ಬರುತ್ತಿತ್ತು, ತೊಡೆ ಊದುತ್ತಿತ್ತು. ಮುಂದಿನ ತಿಂಗಳು ಹೋದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು.

ನಮ್ಮ ಮೇಲೆ ಒಬ್ಬ ಹಿರಿಯ ಸಹಾಯಕಿ ಇದ್ದರು. ನಾವು ಅವರನ್ನು ದೊಡ್ಡ ಸಿಸ್ಟರ್ ಅಂತಲೇ ಕರೆಯುತ್ತಿದ್ದದ್ದು. ಅವರು ನನ್ನನ್ನು ಬೈಯಲಿಲ್ಲ. ಅದೇ ಬೀದಿಗೆ ಕರೆದುಕೊಂಡು ಹೋಗಿ ಒಂದು ಮನೆಯ ಜಗುಲಿ ಮೇಲೆ ಕೂತು, ಮಜ್ಜಿಗೆ ಕೇಳಿ ಕುಡಿದು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಇವತ್ತು ಹಾಕ್ಸಿದ್ರೆ ಇವತ್ತು ಜ್ವರ ಬತ್ತದೆ. ಮಗ ಅಳ್ತದೆ. ನೀವು ನಿದ್ದೆ ಕೆಡಬೇಕು. ನಾಳೆ ಮಧ್ಯಾಹ್ನಕ್ಕೆ ಇಳೀತದೆ. ಇಳೀದಿದ್ರೆ ಕರೀರಿ, ನಾನೇ ಬಂದು ಕೂತ್ಕತೀನಿ."

ಒಂದು ಬಾಗಿಲು ತೆರೆಯಿತು. ಮಾರನೆಯ ದಿನ ಆ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ನಾನೇನೋ ಉಡುಗೊರೆ ಕೊಟ್ಟವಳ ಹಾಗೆ, "ನೀವ್ ಹೇಳ್ದಂಗೇ ಬಂತು ಕಣ್ರೀ ಜ್ವರ!" ಅಂದಳು. ದೊಡ್ಡ ಸಿಸ್ಟರ್ ವಾಪಸ್ ಬರುವಾಗ ಅಂದದ್ದು ಇಷ್ಟೇ: "ಔಷಧಿ ಎಷ್ಟು ಕೆಲಸ ಮಾಡುತ್ತೋ ಅಷ್ಟೇ ಹೇಳು. ಒಂದು ಚಮಚ ಜಾಸ್ತಿ ಹೇಳಿದರೂ ಅದು ತಿರುಗಿ ನಿನ್ನ ಹತ್ತಿರವೇ ಬರುತ್ತೆ." ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೂಸ್ಟರ್ ಅನ್ನುವುದು ಕೋವಿಡ್ ಕಾಲದಲ್ಲಿ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಹೊಳೆನರಸೀಪುರದಲ್ಲಿ ನನ್ನ ಅರ್ಧ ಆಯಸ್ಸು ಮಕ್ಕಳ ಬೂಸ್ಟರ್‌ಗೇ ಕಳೆಯಿತು. ಒಂದೂವರೆ ವರ್ಷಕ್ಕೆ ಒಂದು, ಐದು ವರ್ಷಕ್ಕೆ ಇನ್ನೊಂದು. "ಕೂಸಾಗಿದ್ದಾಗ್ಲೇ ಎಲ್ಲ ಹಾಕ್ಸಿದೀವಲ್ಲ" ಅಂತ ತಾಯಂದಿರು ಮಗುವನ್ನು ಹಿಂದಕ್ಕೆಳೆಯುವವರು. ಒಮ್ಮೆ ಹೊಳೆ ಬದಿಯ ಊರಿನಲ್ಲಿ ನಾನು ಏನೇನೋ ವಿವರಿಸುತ್ತಿದ್ದಾಗ, ಗದ್ದೆಯಿಂದ ಬಂದ ತಂದೆ ಕಾಲು ತೊಳೆಯುತ್ತಾ ಹೆಂಡತಿಗೆ ಅಂದ: "ನಾಟಿ ಮಾಡೋವಾಗ ಗೊಬ್ಬರ ಆಕಿದ್ವಿ ಅಂತ ಮೇಲುಗೊಬ್ಬರ ಬುಟ್ಬುಡ್ತೀವೇನಮ್ಮಿ? ಕೊಡು ಮಗೀನ ಇತ್ಲಾಗೆ." ಆವತ್ತಿನಿಂದ ಭತ್ತದ ಸೀಮೆಯಲ್ಲಿ ನಾನು ಬೂಸ್ಟರ್ ಅನ್ನುವುದನ್ನು ಬಿಟ್ಟು ಮೇಲುಗೊಬ್ಬರ ಅಂತಲೇ ಹೇಳಿದೆ.

ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ಗಾಜಿನ ಸಿರಿಂಜು ಹೋಗಿ, ಒಂದೇ ಸಲ ಬಳಸಿ ಬಿಸಾಡುವ ಸಿರಿಂಜು ಬಂದಿತ್ತು. ಸ್ಟೌ ಉಜ್ಜುವುದು ತಪ್ಪಿತು, ಡಬ್ಬದ ಐಸ್ ಕರಗದ ಹಾಗೆ ಕಾಯುವುದು ತಪ್ಪಲಿಲ್ಲ. ನುಗ್ಗೇಹಳ್ಳಿ ಬಸ್ಸು ಯಾವಾಗಲೂ ತುಂಬಿ ತುಳುಕುವುದು. ಒಂದು ದಿನ ಕಂಡಕ್ಟರು, "ಡಬ್ಬ ಮೇಲಕ್ಕಾಕಮ್ಮ, ಕಾಲಿಡಾಕೆ ಜಾಗ ಇಲ್ಲ" ಅಂದ. "ಮೇಲೆ ಬಿಸಿಲು ಕಣಪ್ಪ, ಬಿಸಿಲಿಗೆ ಇದು ಸತ್ತೋಗುತ್ತೆ" ಅಂದೆ. ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಗಾಬರಿಯಿಂದ, "ಒಳಗೇನ್ ಜೀವ ಐತೇನವ್ವಾ?" ಅಂತ ಕೇಳಿದಳು. ಇಡೀ ಬಸ್ಸು ನನ್ನ ಡಬ್ಬದ ಕಡೆ ತಿರುಗಿತು. ತೆಂಗಿನಕಾಯಿ ಮೂಟೆ ಇಟ್ಟುಕೊಂಡಿದ್ದವರೊಬ್ಬರು ಮೂಟೆ ಸರಿಸಿ ನೆರಳಿನ ಜಾಗ ಬಿಟ್ಟರು. ಅದಾದ ಮೇಲೆ ಆ ದಾರಿಯಲ್ಲಿ ನನಗೆ ನಿಲ್ಲಲು ಜಾಗ ಇಲ್ಲದಿದ್ದರೂ ಡಬ್ಬಕ್ಕೆ ಸೀಟು ಸಿಗುತ್ತಿತ್ತು.

ಈಗ ಶಾಂತಿಗ್ರಾಮದ ವಿಷಯ. ನನ್ನ ಕೊನೆಯ ವರ್ಷಗಳು ಅಲ್ಲಿ, ಆ ವರ್ಷಗಳಲ್ಲೇ ಕೋವಿಡ್ ಬಂದದ್ದು.

ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಹೆಸರು ಬೇಡ, ಅಲ್ಲಿನವರಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು, ಮಧ್ಯೆ ಹೊಲ. ಅಲ್ಲಿಯ ಹಿರಿಯರು ರುದ್ರಪ್ಪನವರು. ಊರಿನಿಂದ ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ, ಹೆಣ್ಣು ನೋಡಲಿಕ್ಕೋ, ಹಸು ತರಲಿಕ್ಕೋ, ಅವರ ಜಗುಲಿ ಮುಂದೆ ಹಾದು ಹೋಗುವರು. ಅವರು ತಲೆ ಎಣಿಸುವರು. ಮೂರೇ ಜನ ಇದ್ದರೆ, "ಏ, ಒಂದು ಕಲ್ಲು ಎತ್ಕಳ್ರಲಾ" ಅನ್ನುವರು. ನಮ್ಮ ಕಡೆ ಮೂರು ಜನ ಹೊರಟರೆ ಕೆಲಸ ಕೆಡುತ್ತದೆ ಅಂತ. ಒಂದು ಕಲ್ಲು ಜೇಬಿಗೆ ಹಾಕಿಕೊಂಡರೆ ಅದೇ ನಾಲ್ಕನೆಯವರು. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು.

ರುದ್ರಪ್ಪನವರ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ಸಲ, ಹೆಂಡತಿ ಗೌರಮ್ಮನ ಜೊತೆ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವರು. ಎರಡನೇ ಅಲೆಗೆ ಮೊದಲೇ ಇಬ್ಬರಿಗೂ ಲಸಿಕೆ ಶುರು ಮಾಡಿದ್ದೆವು, ಎರಡು ಡೋಸೂ ಆಗಿತ್ತು. ಆಮೇಲೆ ಹೊಸ ತಳಿ ಬರುತ್ತಿದೆ ಅಂತ ಸುದ್ದಿ ಬಂತು, ಹಿಂದೆಯೇ ವಯಸ್ಸಾದವರಿಗೆ, ಕಾಯಿಲೆಯವರಿಗೆ ಇನ್ನೊಂದು ಡೋಸ್ ಕೊಡಿ ಅಂತ ಆದೇಶವೂ ಬಂತು. ನಮ್ಮ ಆಸ್ಪತ್ರೆಯ ಡಾಕ್ಟರ್ ಸಹನಾ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ನನ್ನನ್ನು ಕೂರಿಸಿ ಹೇಳಿದರು: "ಸಿಸ್ಟರ್, ಕಿಡ್ನಿ ಕೆಟ್ಟವರ ಮೈಯಲ್ಲಿ ಲಸಿಕೆಯ ಬಲ ಮೊದಲೇ ಕಡಿಮೆ ಹುಟ್ಟುತ್ತೆ, ಬೇಗ ಇಳಿಯುತ್ತೆ. ಬೇರೆಯವರಿಗೆ ಈ ಡೋಸ್ ಒಳ್ಳೆಯದು. ರುದ್ರಪ್ಪನವರಿಗೆ ಬೇಕೇ ಬೇಕು. ಅಲೆ ಬರೋ ಮೊದಲು ಬೇಕು."

ಕಾಗದದಲ್ಲಿ ಅದರ ಹೆಸರು ಮುನ್ನೆಚ್ಚರಿಕೆ ಡೋಸ್. ಆ ಹೆಸರು ಯಾರ ಬಾಯಿಗೂ ಸಲೀಸಾಗಿ ಬರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಮಂಜುಳಾ ಮೈಕ್ ಹಿಡಿದು, "ಮೂರನೇ ಸೂಜಿ ಹಾಕ್ತೀವಿ, ವಯಸ್ಸಾದೋರು, ಕಾಯ್ಲೆಯೋರು ಎಲ್ಲರೂ ಇಸ್ಕೂಲ್ ಹತ್ರ ಬನ್ನಿ" ಅಂತ ಊರೆಲ್ಲ ಕೂಗಿದಳು. ಜೀಪಿನಿಂದ ಇಳಿದದ್ದು ನಾನು, ಮಂಜುಳಾ, ಡ್ರೈವರು. ಶಾಲೆ ಜಗುಲಿಯಲ್ಲಿ ಮಧ್ಯಾಹ್ನದವರೆಗೆ ಕೂತೆವು. ಬಂದದ್ದು ಒಂದು ಎಮ್ಮೆ, ಅದನ್ನು ಹುಡುಕಿಕೊಂಡು ಬಂದ ಅರವತ್ತು ದಾಟಿದ ಒಬ್ಬ ಹೆಂಗಸು.

"ಯಾಕಮ್ಮ ಯಾರೂ ಬರಲಿಲ್ಲ?" ಅಂತ ಕೇಳಿದೆ.

"ಎರಡನೇದು ಆಗಿ ಒಂಬತ್ತು ತಿಂಗ್ಳು ತುಂಬ್ಬೇಕು ಅಂತೀರಿ. ಇದೇನ್ ಎರಿಗೆನಾ?" ಅಂತ ನಕ್ಕು, ಆಮೇಲೆ ಎಮ್ಮೆ ಹಗ್ಗ ಹಿಡಿದುಕೊಂಡು ನಿಜ ಹೇಳಿದಳು. "ಮೂರನೇ ಸೂಜಿ ಅಂತೀರಿ, ಮೂರು ಜನ ಬಂದಿದೀರಿ. ರುದ್ರಪ್ಪ ಯಜಮಾನ್ರು ಬೆಳಿಗ್ಗೇನೇ ಬ್ಯಾಡ ಅಂದ್ಬುಟ್ರು. ಇನ್ಯಾರ್ ಬತ್ತಾರೆ?"

ಮಂಜುಳಾ ಹಣೆ ಬಡಿದುಕೊಂಡಳು. ಅವಳೂ ಅದೇ ಸೀಮೆಯವಳು, ನಾನೂ ಅದೇ ಸೀಮೆಯವಳು. ಮಕ್ಕಳ ಸೂಜಿಯನ್ನು ಯಾರೂ ಎಷ್ಟನೆಯದು ಅಂತ ಎಣಿಸುತ್ತಿರಲಿಲ್ಲ. ಹಾಗಾಗಿ ಅಷ್ಟು ವರ್ಷ ಸೂಜಿ ಹಿಡಿದರೂ ಈ ತೊಡಕು ನಮಗೆ ಹೊಳೆದಿರಲಿಲ್ಲ.

ತಾಲ್ಲೂಕಿನ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಕೇಳಿದರು, ಆ ಊರಿನಲ್ಲಿ ಏನು ಸಮಸ್ಯೆ? "ಮೂರು ಅಂದ್ರೆ ಆಗಲ್ವಂತೆ ಸಾ" ಅಂದಳು ಮಂಜುಳಾ. ಸಭೆ ನಕ್ಕಿತು. ಸಹನಾ ಮೇಡಂ ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ, "ಮುಂದಿನ ವಾರ ನಾನೂ ಬರ್ತೀನಿ ಸಿಸ್ಟರ್, ನಾಲ್ಕು ಜನ ಆಗ್ತೀವಿ" ಅಂದರು. ಆಮೇಲೆ ನನ್ನ ಮುಖ ನೋಡಿ, "ಆದರೆ ಅವರಿಗೆ ಹಾಕೋದು ಮೂರನೆಯದೇ ಅಲ್ವಾ" ಅಂತ ತಾವೇ ನಿಟ್ಟುಸಿರು ಬಿಟ್ಟರು.

ಅದರ ನಡುವೆ ಒಂದು ಸಂಜೆ ನಾನೊಬ್ಬಳೇ ರುದ್ರಪ್ಪನವರ ಮನೆಗೆ ಹೋದೆ. ಹಾಲು ಕರೆಯುವ ಹೊತ್ತು. ಗೌರಮ್ಮನಿಗೆ ಬೆರಳು ಸುಟ್ಟಿತ್ತು, ಆವತ್ತು ಸೊಸೆ ಕರೆಯಲು ಕೂತಿದ್ದಳು. ಅವಳು ಉಟ್ಟದ್ದು ಗೌರಮ್ಮನ ಹಳೇ ನೀಲಿ ಸೀರೆ. ಅತ್ತೆಯ ಕೈಗೆ ರೂಢಿಯಾದ ಹಸು ಬೇರೆಯವರನ್ನು ಹತ್ತಿರ ಬಿಡುವುದಿಲ್ಲ, ಅದಕ್ಕೇ ಸೀರೆ.

ರುದ್ರಪ್ಪನವರು ಕೊಟ್ಟಿಗೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ನಾನು ಏನೂ ಕೇಳುವ ಮೊದಲೇ ಶುರು ಮಾಡಿದರು. "ನೀನ್ ಯಾತಕ್ ಬಂದಿದೀಯ ಗೊತ್ತು ನರ್ಸಮ್ಮ. ಎರಡನೇ ಅಲೇಲಿ ನನ್ ತಮ್ಮಂಗೆ ಉಸಿರು ಕಟ್ತು. ಗಾಡಿ ಬಂದು ನಿಂತ್ಕತು. ಅವನು, ನಾನು, ಅವನ ಮಗ. ಮೂರು ಜನ. ಊರಿಗೆಲ್ಲ ಯೋಳೋನು, ಅವತ್ತು ನಾನೇ ಕಲ್ಲು ಎತ್ಕಳ್ಲಿಲ್ಲ." ಕೊಟ್ಟಿಗೆಯ ಕಡೆ ಮುಖ ತಿರುಗಿಸಿದರು. "ಇಬ್ರು ವಾಪಸ್ ಬಂದ್ವಿ."

ಆ ತಮ್ಮ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ. ಕೆಲಸ ಮುಗೀಲಿ, ಆಮೇಲೆ ನೋಡಣ ಅಂತ ನನ್ನನ್ನೇ ಎರಡು ಸಲ ವಾಪಸ್ ಕಳಿಸಿದ್ದ. ಅದು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹುಡುಗಿಯರೇ, ಸತ್ತವರ ತಪ್ಪು ತೋರಿಸಿ ಬದುಕಿರುವವರಿಗೆ ಸೂಜಿ ಹಾಕಲು ಹೋಗಬೇಡಿ.

"ಅದೂ ಅಲ್ದೆ," ಅಂದರು, "ಈಗ ಬಂದಿರೋದು ಬ್ಯಾರೇ ತಳಿ ಅಂತಲ್ಲ. ಹಳೇದಕ್ಕೆ ಮಾಡಿದ್ ಔಷ್ದಿ ಹೊಸದಕ್ಕೆ ಯಾಕೆ ಕೇಳ್ತದೆ?"

ಅಷ್ಟರಲ್ಲಿ ಕೊಟ್ಟಿಗೆಯೊಳಗೆ ಧಡಾರ್ ಅಂತ ಸದ್ದು. ಸೀರೆ ನೋಡಿ ಸುಮ್ಮನೆ ನಿಂತಿದ್ದ ಹಸು, ಸೊಸೆ ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಒದ್ದಿತ್ತು. ಬಕೀಟು ಉರುಳಿತು. ಗೌರಮ್ಮ ನಗು ತಡೆಯಲಾರದೆ, "ಸೀರೆಗೆ ಮೋಸ ಹೋಯ್ತದೆ, ಕೈಗೆ ಮೋಸ ಹೋಗಾಕಿಲ್ಲ ಕಣೆ ಅದು!" ಅಂದರು.

ನನಗೆ ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತು. "ಯಜಮಾನ್ರೇ, ನೀವು ಕೇಳಿದ್ದಕ್ಕೆ ನಿಮ್ಮ ಹಸುವೇ ಉತ್ತರ ಹೇಳ್ತು ನೋಡಿ. ಹೊಸ ತಳಿ ಅಂದರೆ ಅದೇ ರೋಗ, ಬೇರೆ ಸೀರೆ. ಮೈ ಒಂದು ಗಳಿಗೆ ಮೋಸ ಹೋಗುತ್ತೆ. ಒಳಗೆ ಬಿಟ್ಟುಕೊಂಡುಬಿಡುತ್ತೆ. ಅದಕ್ಕೇ ನೆಗಡಿ ಬರಬಹುದು, ಜ್ವರಾನೂ ಬರಬಹುದು. ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಕೈ ಗುರುತು ನೆನಪಿದ್ದರೆ ಒದೆಯುತ್ತೆ, ಎದೆಗೆ ಇಳಿಯೋಕೆ ಬಿಡೋದು ಕಡಿಮೆ. ಒಂಬತ್ತು ತಿಂಗಳಾದರೆ ಆ ನೆನಪು ಮಂಕಾಗುತ್ತೆ. ನಿಮ್ಮ ಮೈಗೆ ಇನ್ನೂ ಬೇಗ. ಈ ಸೂಜಿ ಆ ಗುರುತು ನೆನಪು ಮಾಡಿಕೊಡೋಕೆ."

ಅವರು ಹಸುವನ್ನೇ ನೋಡುತ್ತಾ ಕೂತರು. "ನೋಡಣ ಓಗವ್ವ" ಅಂದರು. ಗೌರಮ್ಮ ಬಕೀಟು ತೊಳೆಯುತ್ತಿದ್ದವರು ನನ್ನ ಕಡೆ ಒಂದು ಸಲ ನೋಡಿ ತಲೆ ಬಗ್ಗಿಸಿಕೊಂಡರು. ನನಗೆ ನಂಬಿಕೆ ಇರಲಿಲ್ಲ. ಪೇಟೆಯಲ್ಲಿ ಆಗಲೇ ಕೆಮ್ಮು ಶುರುವಾಗಿತ್ತು.

ಮುಂದಿನ ವಾರ ನಾಲ್ಕು ಜನ ಇಳಿದೆವು. ಶಾಲೆ ಜಗುಲಿ ಖಾಲಿ. ಸಹನಾ ಮೇಡಂ ಕುರ್ಚಿ ಹಾಕಿಕೊಂಡರು, ಎದ್ದರು, ಮತ್ತೆ ಕೂತರು. ಬಿಸಿಲು ಏರಿತು. ಆಗ ಬೀದಿ ಕೊನೆಯಲ್ಲಿ ಗೌರಮ್ಮ ಕಂಡರು. ಮುಂದೆ ಅವರು, ಹಿಂದೆ ರುದ್ರಪ್ಪನವರು, ಹೆಗಲ ಮೇಲಿನ ವಲ್ಲಿಯ ತುದಿ ಗಂಟು ಕಟ್ಟಿ ಜೋತು ಬಿದ್ದಿತ್ತು.

ರುದ್ರಪ್ಪನವರು ಕುರ್ಚಿ ಮೇಲೆ ಕೂತು ಗಂಟು ಬಿಚ್ಚಿದರು. ಮುಷ್ಟಿಯಷ್ಟು ದೊಡ್ಡ ಕಲ್ಲು. ತೊಳೆದು ವಿಭೂತಿ ಹಚ್ಚಿತ್ತು.

"ಊರ್ಗೆಲ್ಲ ನಾನ್ ಕಲ್ಲು ಕೊಟ್ಟೆ," ಅಂದರು, "ನಂಗೆ ಇವಳು ಕೊಟ್ಲು."

"ಮತ್ತಿನ್ನೇನ್ ಮಾಡ್ಲಿ?" ಅಂದರು ಗೌರಮ್ಮ. "ಊರೋರ್ಗೆಲ್ಲ ಮೂರಾದ್ರೆ ಕಲ್ಲು ಎತ್ಕಳಿ ಅಂತೀರಿ, ನಿಮ್ಗೆ ಮೂರಾದ್ರೆ ಮನೇಲೇ ಕೂತ್ಕತೀರಾ? ಅವತ್ತು ಎತ್ಕಳ್ಲಿಲ್ಲ, ಇವತ್ತು ಎತ್ಕಳಿ ಅಂದೆ. ಹೂಂ, ಚುಚ್ಚು ನರ್ಸಮ್ಮ, ಮನಸ್ ಬದಲಾಯ್ಸೋಕ್ ಮುಂಚೆ."

ಸಹನಾ ಮೇಡಂ ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ಮೇಲೆ, ಲಸಿಕೆ ಡಬ್ಬದ ಪಕ್ಕ ಇಟ್ಟರು. "ನಾಲ್ಕನೆಯವರು ಇಲ್ಲೇ ಕೂತಿರಲಿ ಅಜ್ಜ. ಡಯಾಲಿಸಿಸ್ ಮಾಡೋ ಕೈ ಯಾವುದು?" ಆ ಕೈಗೆ ಸೂಜಿ ತಾಗಿಸಬಾರದು, ಇದನ್ನು ನೀವೂ ಮರೆಯಬೇಡಿ. ಅವರು ಎಡಗೈ ತೋರಿಸಿದರು. ನಾನು ಬಲತೋಳಿಗೆ ಹಾಕಿದೆ.

ಅರ್ಧ ಗಂಟೆ ಅವರು ಜಗುಲಿಯಲ್ಲೇ ಕೂತಿದ್ದರು. ಆ ಅರ್ಧ ಗಂಟೆಯಲ್ಲಿ ಊರು ಬಂತು. ಜೇಬಿನಲ್ಲಿ ಕಲ್ಲು, ಸೆರಗಿನ ತುದಿಯಲ್ಲಿ ಕಲ್ಲು, ಬುಟ್ಟಿಯಲ್ಲಿ ಕಲ್ಲು. ಎಮ್ಮೆಯ ಹೆಂಗಸು ಒಂದು ಗುಂಡುಕಲ್ಲನ್ನೇ ಹೊತ್ತು ತಂದಿದ್ದಳು. "ಇದೇನಮ್ಮ, ರುಬ್ಬೋಕೆ ಬಂದ್ಯಾ?" ಅಂದಳು ಮಂಜುಳಾ. "ನಂದು ಸಣ್ಣ ಜೀವ ಅಲ್ಲ ಕಣವ್ವ, ತೂಕಕ್ ತಕ್ಕಂಗಿರ್ಲಿ ಅಂತ." ಸೂಜಿ ಆದ ಮೇಲೆ ಯಾರೂ ಕಲ್ಲನ್ನು ವಾಪಸ್ ಒಯ್ಯಲಿಲ್ಲ. ಸಂಜೆ ನಾವು ಹೊರಡುವಾಗ ಶಾಲೆ ಗೋಡೆಯ ಪಕ್ಕ ಒಂದು ಗುಡ್ಡೆ ಕಲ್ಲು ಬಿದ್ದಿತ್ತು. ನನ್ನ ಅಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆಂದದ ನೋಟ ನಾನು ಇನ್ನೊಂದು ನೋಡಿಲ್ಲ.

ಕಲ್ಲಿಗೆ ಶಕ್ತಿ ಇದೆ ಅಂತ ನಾನು ಹೇಳಲಿಲ್ಲ. ಇಲ್ಲ ಅಂತ ಜಗಳಕ್ಕೂ ನಿಲ್ಲಲಿಲ್ಲ. ಸೂಜಿಯಲ್ಲಿ ಏನಿದೆ ಅನ್ನುವುದನ್ನು ನಿಜವಾಗಿ ಹೇಳಿದೆ, ಅಷ್ಟು ನನ್ನ ಕೆಲಸ.

ಅಲೆ ಬಂತು. ಮನೆಮನೆಯಲ್ಲೂ ಗಂಟಲು ಕೆರೆತ, ಮೈಕೈ ನೋವು. ಒಂದು ಬೆಳಿಗ್ಗೆ ಮಂಜುಳಾ ಫೋನ್ ಮಾಡಿದಳು: "ಅಕ್ಕ, ರುದ್ರಪ್ಪನೋರ್ಗೆ ಪಾಸಿಟಿವ್." ನಾನು ರೊಟ್ಟಿ ತಟ್ಟುತ್ತಿದ್ದೆ. ಹೆಂಚಿನ ಮೇಲಿದ್ದ ರೊಟ್ಟಿ ಹಾಗೇ ಸೀದು ಹೋಯಿತು.

ನನಗೆ ಎರಡು ಭಯ. ಒಂದು ಅವರ ಜೀವದ್ದು. ಇನ್ನೊಂದು ಊರಿನದು, ಸೂಜಿ ಹಾಕಿಸಿಕೊಂಡರೂ ಬಂತಲ್ಲ ಅಂತ ಮುಂದೆ ಯಾರೂ ಬಾಗಿಲು ತೆರೆಯದಿದ್ದರೆ? ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ. ಸಹನಾ ಮೇಡಂ ಹಾಸನಕ್ಕೆ ಮಾತಾಡಿ ಪಾಸಿಟಿವ್ ಬಂದವರ ಬೇರೆ ವಾರ್ಡಿನಲ್ಲಿ ಅವರಿಗೆ ಜಾಗ ಮಾಡಿಸಿದರು. ನಾನು ದಿನಾ ಬೆಳಿಗ್ಗೆ ಅವರ ಜಗುಲಿ ಮುಂದೆ ನಿಂತು, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕಿಸುತ್ತಿದ್ದೆ. ಬೀದಿಯವರೆಲ್ಲ ಅವರವರ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುವರು. ಮೊದಲ ದಿನ ಜ್ವರ ಜೋರಿತ್ತು. ಮಾರನೆಯ ದಿನವೂ ಇತ್ತು, ಊಟ ಬೇಡ ಅಂದರು. ಕ್ಲಿಪ್ಪಿನ ಅಂಕಿ ಮಾತ್ರ ಇಳಿಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಹೋದರೆ ಅವರೇ ಜಗುಲಿಗೆ ಬಂದು ಕೂತಿದ್ದರು. ಜ್ವರ ಬಿಟ್ಟಿತ್ತು. ನನ್ನನ್ನು ನೋಡಿದ ಕೂಡಲೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ನೀ ಯೋಳ್ದಂಗೇ ಆಯ್ತಲ್ಲವ್ವ! ಸೀರೆ ನೋಡಿ ಒಳಕ್ಕ್ ಬುಟ್ಕತು, ಕೈ ನೋಡಿ ಒದ್ದು ಆಚೆಗ್ ಹಾಕ್ತು!"

ಬೀದಿಯೆಲ್ಲ ನಕ್ಕಿತು. ನನಗೆ ದೊಡ್ಡ ಸಿಸ್ಟರ್ ಜಗುಲಿ ಮೇಲೆ ಮಜ್ಜಿಗೆ ಕುಡಿದದ್ದು ನೆನಪಾಗಿ ಕಣ್ಣು ತುಂಬಿತು. ಬರಬಹುದು ಅಂತ ಮೊದಲೇ ಹೇಳಿದ್ದಕ್ಕೆ, ಬಂದದ್ದು ಸೋಲಾಗಲಿಲ್ಲ.

ಅವರು ಉಳಿದದ್ದು ಆ ಒಂದು ಸೂಜಿಯಿಂದಲೇ ಅಂತ ನಾನು ಆಣೆ ಮಾಡಲಾರೆ. ಆ ತಳಿಯೇ ಕೆಲವರಿಗೆ ಹಗುರವಾಗಿತ್ತು. ಒಬ್ಬರನ್ನು ನೋಡಿ ಲಸಿಕೆಯ ಲೆಕ್ಕ ಹಾಕುವುದಲ್ಲ, ಅದನ್ನು ದೊಡ್ಡ ದೊಡ್ಡವರು ಬಹಳ ಜನರನ್ನು ನೋಡಿ ಹಾಕಿದ್ದಾರೆ. ನನ್ನ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಎರಡನೇ ಅಲೆಯಲ್ಲಿ ಆ ಊರಿನಿಂದ ಹೋದ ಆಂಬುಲೆನ್ಸುಗಳ ಸದ್ದು ನನಗೆ ಇನ್ನೂ ಕೇಳುತ್ತದೆ. ಈ ಅಲೆಯಲ್ಲಿ ಆ ಕಲ್ಲಿನ ಗುಡ್ಡೆಗೆ ಕಲ್ಲು ಹಾಕಿದ ಯಾರೊಬ್ಬರಿಗೂ ಆಂಬುಲೆನ್ಸು ಬೇಕಾಗಲಿಲ್ಲ. ಅದಾದ ಮೇಲೂ ಹೊಸ ಹೊಸ ಹೆಸರಿನ ತಳಿಗಳು ಬಂದವು, ಹೋದವು. ರುದ್ರಪ್ಪನವರು ಬೆಳಗಿನ ಬಸ್ಸಿಗೆ ಹೋಗಿ ಬರುತ್ತಲೇ ಇದ್ದಾರೆ.

ನಾನು ನಿವೃತ್ತಿಯಾಗಿ ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಮನೆ ಮುಂದೆ ಕಾರು ನಿಂತಿತು. ರುದ್ರಪ್ಪನವರು, ಗೌರಮ್ಮ, ಮಗ. ಮೊಮ್ಮಗಳಿಗೆ ಹೊಳೆನರಸೀಪುರದಲ್ಲಿ ಗಂಡು ನೋಡಲು ಹೊರಟಿದ್ದರು. ನಾನು ಕಾಫಿ ಕೊಟ್ಟೆ. ತಲೆ ಎಣಿಸಿದೆ, ರೂಢಿ.

"ಮೂರೇ ಜನ ಇದೀರಲ್ಲ ಯಜಮಾನ್ರೇ. ಕಲ್ಲು ಎಲ್ಲಿ?" ಅಂದೆ.

"ಎತ್ಕಂಡಿಲ್ಲ" ಅಂದರು, ಲೋಟ ಕೆಳಗಿಟ್ಟು. "ಬೇಕು ಅಂತ್ಲೇ ಎತ್ಕಂಡಿಲ್ಲ. ಇಂಥಾ ಕೆಲಸಕ್ಕೆ ಕಲ್ಲು ಸಾಕಾಗಾಕಿಲ್ಲ ಅಂತ ಇವಳು ಅಂದ್ಲು. ಏಳು, ಸೀರೆ ಉಟ್ಕಂಡು ಬಾ ಓಗು."

ಗೌರಮ್ಮ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಸರಿದು ಜಾಗ ಬಿಟ್ಟಿದ್ದರು. ನಾನು ಹೆಗಲು ಸವೆಯದ ಒಂದು ರವಿಕೆ ಹುಡುಕಿ ತೊಟ್ಟು, ಬಾಗಿಲು ಹಾಕಿ, ಹೋಗಿ ಕೂತೆ.